ಅಕ್ಕ ಹಾಕಿದ ಸಹಿ

ಸೊರಾಂಗ್ ದ್ವೀಪ
ಅಕ್ಟೋಬರ್ 11, 2015

ಯೊನ್ಸಿಲ್,

ನಿನ್ನ ಅಕ್ಕನ ಕತ್ತಿನಲ್ಲಿ ಕ್ಯಾನ್ಸರ್ ಇದೆಯಂತೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಏನೋ ಆಗಿದೆ ಎಂದು ವಾಸನೆ ಹಿಡಿದು ನಾಲ್ಕು ಪುಟವೂ ಎದೆ ಹಿಡಿದುಕೊಂಡೇ ಓದುತ್ತೀಯ. ಥೈರಾಯ್ಡ್. ನಿನಗೆ ಬಂದದ್ದೇ. ಎಡಗಡೆ, ಏಳು ಮಿಲಿಮೀಟರ್. ನೋವಿಲ್ಲ, ಊತವಿಲ್ಲ, ಅನ್ನ ಸಲೀಸಾಗಿ ಇಳಿಯುತ್ತದೆ, ಜಗಳ ಆಡುವುದಕ್ಕೆ ಗಂಟಲು ಮೊದಲಿನಷ್ಟೇ ಗಟ್ಟಿಯಾಗಿದೆ.

ಇದೆಲ್ಲ ಸಿಯೋಲ್‌ನಲ್ಲಿರುವ ನನ್ನ ಮಗರಾಯ ಗ್ವಾಂಗ್‌ಮೋ ಕೊಟ್ಟ ಉಡುಗೊರೆಯಿಂದ ಶುರುವಾಯಿತು. ನನ್ನ ಹುಟ್ಟುಹಬ್ಬಕ್ಕೆ ತಲೆಯಿಂದ ಕಾಲಿನವರೆಗೆ ಆರೋಗ್ಯ ತಪಾಸಣೆ ಮಾಡಿಸಿದ. ಈಗ ಮಕ್ಕಳೆಲ್ಲ ಅಪ್ಪ ಅಮ್ಮನಿಗೆ ಅದನ್ನೇ ಕೊಡುವುದು. ಕೊಡದವನನ್ನು ನೆಂಟರು ಮಗನೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕತ್ತಿನ ಸ್ಕ್ಯಾನು ಪಟ್ಟಿಯಲ್ಲಿ ಇರಲಿಲ್ಲ, ಇವನೇ ಬೇಕೆಂದು ಸೇರಿಸಿದನಂತೆ. ಡಾಕ್ಟರು ಫಲಿತಾಂಶವನ್ನು ನನ್ನ ಕೈಗೆ ಕೊಡದೆ ಅವನನ್ನು ಒಳಗೆ ಕರೆದು ಹೇಳಿದರು, ಅವನು ಹೆಂಡತಿಗೆ ಹೇಳಿದ. ಊಟಕ್ಕೆ ಕೂತಾಗ ಸೊಸೆ ಒಳ್ಳೊಳ್ಳೆ ತುಂಡುಗಳನ್ನೆಲ್ಲ ಆರಿಸಿ ನನ್ನ ಬಟ್ಟಲಿಗೇ ಹಾಕತೊಡಗಿದಳು. ಹತ್ತು ವರ್ಷದಲ್ಲಿ ಒಂದು ದಿನವೂ ಹಾಗೆ ಹಾಕಿದವಳಲ್ಲ.

"ಏನಮ್ಮಾ, ನಾನು ಸಾಯ್ತಾ ಇದೀನಾ?" ಎಂದು ಕೇಳಿದೆ. ಅವಳು ಅಳತೊಡಗಿದಳು. ಗ್ವಾಂಗ್‌ಮೋ ಚಾಪ್‌ಸ್ಟಿಕ್ ಕೆಳಗಿಟ್ಟು, "ಅಮ್ಮ, ಇದು ಒಳ್ಳೆ ಕ್ಯಾನ್ಸರ್, ಗಾಬರಿ ಆಗ್ಬೇಡ" ಅಂದ. ಒಳ್ಳೆಯದಾದರೆ ನೀನೇ ಇಟ್ಟುಕೋ ಎನ್ನಬೇಕೆಂದು ನಾಲಿಗೆ ತುದಿಯವರೆಗೆ ಬಂದಿತ್ತು, ಮಗನೆಂದು ನುಂಗಿಕೊಂಡೆ.

ಊರಿಗೆ ಬಂದು ಇನ್ನೂ ಚೀಲ ಇಳಿಸಿರಲಿಲ್ಲ, ಮಹಿಳಾ ಸಂಘದ ಪಿಲ್ಡೊಕ್ ನಾಲ್ವರನ್ನು ಕಟ್ಟಿಕೊಂಡು ಬಂದಳು. ಐವರಿಗೂ ಕತ್ತಿನಲ್ಲಿ ಗೆರೆ, ಐವರಿಗೂ ಅದನ್ನು ಮುಚ್ಚುವ ಹೂವಿನ ಸ್ಕಾರ್ಫು. ಈ ಊರಿನಲ್ಲಿ ಕಡಲಸೊಪ್ಪು ಒಣಗಿಸುವಷ್ಟೇ ಸಹಜವಾಗಿ ಥೈರಾಯ್ಡ್ ತೆಗೆಸಿಕೊಳ್ಳುತ್ತಾರೆ. "ತೆಗೆಸಿ ಬಿಸಾಕಿ ಅಕ್ಕ, ಹಲ್ಲು ಕೀಳಿಸಿದ ಹಾಗೆ, ಒಂದು ವಾರದಲ್ಲಿ ಎದ್ದು ಓಡಾಡ್ತೀರಿ" ಎಂದರು. ನನ್ನ ಕತ್ತಿಗೊಂದು ಸ್ಕಾರ್ಫನ್ನೂ ತಂದಿದ್ದರು. ನೇರಳೆ ಬಣ್ಣ. ಇನ್ನೂ ಕುಯ್ದಿಲ್ಲ, ಆಗಲೇ ಕಟ್ಟು ತಂದಿದ್ದಾರೆ.

ಅವರ ಎದುರು ನಕ್ಕೆ. ಹೋದ ಮೇಲೆ ಭಯವಾಯಿತು. ನಿಜ ಹೇಳುತ್ತೇನೆ, ತುಂಬ ಭಯವಾಯಿತು. ಹಾಗೇ ಇಟ್ಟುಕೊಳ್ಳುವುದಕ್ಕೂ ಭಯ, ತೆಗೆಸುವುದಕ್ಕೂ ಭಯ. ನೀನು ಇದನ್ನೆಲ್ಲ ದಾಟಿ ಬಂದವಳು. ನಿನಗಾದದ್ದು ಹೇಗಿತ್ತು, ಈಗ ಹೇಗಿದ್ದೀಯ, ಬಿಡಿಸಿ ಬರೆ. ಎಲ್ಲರೂ ನನಗೆ ಧೈರ್ಯ ಹೇಳುತ್ತಿದ್ದಾರೆ, ನಿಜ ಹೇಳುವವಳು ನೀನೊಬ್ಬಳೇ.

ಫೋನ್ ಮಾಡು ಎಂದರೆ ನೀನು ಮಾಡುವುದಿಲ್ಲ, ಅದು ನನಗೆ ಗೊತ್ತಿರುವುದೇ. ಬರೆ.

ನಿನ್ನ ಅಕ್ಕ
ಮಾಲ್ಸಿಮ್

*

ಲಾಸ್ ಪಾಲ್ಮಾಸ್
ನವೆಂಬರ್ 2, 2015

ಅಕ್ಕ,

ಪತ್ರ ಬಂದು ಐದು ದಿನವಾಯಿತು. ಪ್ರತಿ ದಿನ ಬರೆಯಲು ಕೂತು ಏಳುತ್ತಿದ್ದೇನೆ.

ಹೆದರಬೇಡ. ಏಳು ಮಿಲಿಮೀಟರ್ ಎಂದರೆ ಚಿಕ್ಕದು. ನಿಧಾನವಾಗಿ ಬೆಳೆಯುವ ಜಾತಿ, ಬಹಳ ಜನರಲ್ಲಿ ವರ್ಷಗಟ್ಟಲೆ ಬೆಳೆಯುವುದೇ ಇಲ್ಲ. ಅದು ನಿನ್ನ ಜೀವ ತೆಗೆಯುವುದಿಲ್ಲ, ಇದನ್ನು ನಾನು ನಂಬಿ ಹೇಳುತ್ತಿದ್ದೇನೆ. ಅದು ಎಡಗಡೆ ಎಲ್ಲಿದೆ? ನಡುವೆಯೋ, ಹಿಂದುಗಡೆಯೋ? ತೆಗೆಸದೆ ಇದ್ದರೆ ಏನಾಗುತ್ತದೆ ಎಂದು ಯಾರಾದರೂ ಡಾಕ್ಟರನ್ನು ಕೇಳಿದೆಯಾ? ಗ್ವಾಂಗ್‌ಮೋ ಬಳಿ ಕೇಳಿಸಬೇಡ, ನೀನೇ ಕೇಳು.

ನನ್ನದು ಹಳೆಯ ಕಥೆ. ಆಗ ಎಲ್ಲವನ್ನೂ ಪೂರ್ತಿ ತೆಗೆಯುತ್ತಿದ್ದರು, ಈಗ ಬೇರೆ ದಾರಿಗಳಿವೆಯಂತೆ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಮಾತ್ರೆ ನುಂಗುತ್ತೇನೆ, ಈ ಪರದೇಶದ ಬಂದರಿಗೆ ಬರುವ ನಮ್ಮ ಕಡೆಯ ಹಡಗುಗಳಿಗೆ ಎಲೆಕೋಸಿನ ಕಿಮ್ಚಿ ಹಾಕಿ ಕೊಡುತ್ತೇನೆ. ಇವರ ಹಡಗು ಆಫ್ರಿಕಾದ ಕಡೆ ಹೋಗಿದೆ, ಮಾರ್ಚ್‌ವರೆಗೆ ಬರುವುದಿಲ್ಲ. ಇಲ್ಲಿನ ಎಲೆಕೋಸು ನಮ್ಮದರಷ್ಟು ಗಟ್ಟಿಯಲ್ಲ, ಉಪ್ಪು ಹಾಕಿದ ಕೂಡಲೇ ಸೋತು ಮಲಗುತ್ತದೆ.

ಫೋನಿನಲ್ಲಿ ನನ್ನ ಮಾತು ನನಗೇ ತಿರುಗಿ ಕೇಳಿಸುತ್ತದೆ ಅಕ್ಕ, ತಲೆ ಚಿಟ್ಟು ಹಿಡಿಯುತ್ತದೆ. ಅದಕ್ಕೇ ಮಾಡುವುದಿಲ್ಲ.

ದುಡುಕಬೇಡ. ಅಷ್ಟು ಮಾತ್ರ ಕೇಳಿಕೊಳ್ಳುತ್ತೇನೆ.

ಯೊನ್ಸಿಲ್

*

ಸೊರಾಂಗ್ ದ್ವೀಪ
ನವೆಂಬರ್ 21, 2015

ಯೊನ್ಸಿಲ್,

ಬಿಡಿಸಿ ಬರೆ ಎಂದರೆ ಎಲೆಕೋಸಿನ ಕಥೆ ಬರೆದಿದ್ದೀಯ. ಇರಲಿ. ನೀನು ಹೇಳಿದ ಹಾಗೆ ಮಗನಿಗೆ ತಿಳಿಸದೆ ದೋಣಿ ಹತ್ತಿ, ಬಸ್ಸು ಹಿಡಿದು, ಗ್ವಾಂಗ್‌ಜುವಿನ ಒಬ್ಬ ಡಾಕ್ಟರ ಬಳಿ ಹೋದೆ. ಮುಖದ ಮೇಲೆ ಮೊಡವೆ ಇನ್ನೂ ಆರಿಲ್ಲದ ಹುಡುಗ, ಆದರೆ ಸಮಾಧಾನವಾಗಿ ಮಾತಾಡಿದ. ಚಿತ್ರ ತೋರಿಸಿ, "ಅಜ್ಜಿ, ಇದು ನಡುವೆ ಇದೆ. ಉಸಿರ ಕೊಳವೆಗೂ ದೂರ, ದನಿಯ ನರಕ್ಕೂ ದೂರ. ಮೂರು ದಾರಿ ಇದೆ. ಪೂರ್ತಿ ತೆಗೆಯೋದು, ಅರ್ಧ ತೆಗೆಯೋದು, ಇಲ್ಲಾ ಆರಾರು ತಿಂಗಳಿಗೆ ಸ್ಕ್ಯಾನ್ ಮಾಡಿ ನೋಡ್ತಾ ಇರೋದು. ಬೆಳೀತು ಅಂದ್ರೆ ಆಗ ತೆಗೆಯೋಣ, ಕಾದದ್ದಕ್ಕೆ ನಷ್ಟ ಆಗೋದು ಕಮ್ಮಿ" ಅಂದ.

"ನೀನಾಗಿದ್ರೆ ಏನು ಮಾಡ್ತಿದ್ದೆ?" ಎಂದೆ. "ನಾನು ಆಗೋಕಾಗಲ್ವಲ್ಲ ಅಜ್ಜಿ, ಕತ್ತು ನಿಮ್ದು" ಅಂದ. ನನಗೆ ಆ ಹುಡುಗ ಹಿಡಿಸಿದ.

ಬಂದು ಗ್ವಾಂಗ್‌ಮೋಗೆ ಫೋನ್ ಮಾಡಿ, ಕಾಯ್ತೀನಪ್ಪ ಅಂದೆ. ಅವನು ಶುರು ಮಾಡಿದ. "ಕ್ಯಾನ್ಸರ್ ಇಟ್ಕೊಂಡು ದ್ವೀಪದಲ್ಲಿ ಓಡಾಡ್ತಾ ಇರ್ತೀಯಾ? ನಾನು ಇಲ್ಲಿ ಹೇಗೆ ನಿದ್ದೆ ಮಾಡ್ಲಿ? ಸಿಯೋಲ್‌ನಲ್ಲಿ ಅಂಥಾ ಸರ್ಜನ್ ಸಿಗೋಕೆ ಜನ ವರ್ಷ ಕಾಯ್ತಾರೆ, ನಾನು ಯಾರ್ಯಾರದೋ ಕಾಲು ಹಿಡಿದು ಜನವರಿಗೆ ದಿನ ತಗೊಂಡಿದೀನಿ. ನಾಳೆ ಏನಾದ್ರೂ ಆದ್ರೆ, ತಪಾಸಣೆ ಮಾಡಿಸಿ ಅಮ್ಮನ್ನ ಹಾಗೇ ಬಿಟ್ಟ ಅಂತ ಊರೆಲ್ಲ ನನ್ನ ಮುಖಕ್ಕೆ ಉಗೀತಾರೆ."

ಅವನು ಅತ್ತ, ಯೊನ್ಸಿಲ್. ಅವನಪ್ಪ ಹೋದಾಗಲೂ ಎಲ್ಲರೆದುರು ಅಳದವನು.

ಕಾಯುವುದೆಂದರೆ ಏನೆಂದು ನಾನೂ ಈಗ ನೋಡುತ್ತಿದ್ದೇನೆ. ಹಲ್ಲುಜ್ಜುವಾಗ ಕೈ ಕತ್ತಿಗೆ ಹೋಗುತ್ತದೆ. ಕೆಮ್ಮು ಬಂದರೆ ಇದು ಅದೇ ಇರಬೇಕು ಎನಿಸುತ್ತದೆ. ಹೊಸ ಕಡಲಸೊಪ್ಪು ಒಣಹಾಕುವ ಕಾಲ, ಊರೆಲ್ಲ ಸೊಪ್ಪು ಹಬ್ಬಿದ ಹಗ್ಗಗಳನ್ನು ಕಡಲಿಂದ ಎಳೆಯುತ್ತಿದೆ, ನಾನು ಮಾತ್ರ ಕನ್ನಡಿ ಮುಂದೆ ಕತ್ತು ಎತ್ತಿ ನಿಲ್ಲುತ್ತೇನೆ. ಇಂಥ ಬಾಳು ಎಷ್ಟು ವರ್ಷ?

ತೆಗೆಸೋಣವೆಂದರೆ ದನಿಯ ಯೋಚನೆ. ನಗಬೇಡ. ಈ ಊರಿನ ಮುಖ್ಯಸ್ಥೆಯಾಗಿ ಹನ್ನೊಂದು ವರ್ಷ ಬೆಳಿಗ್ಗೆ ಮೈಕು ಹಿಡಿದವಳು ನಾನು. ಗಾಳಿ ಬರುತ್ತಿದೆ ದೋಣಿ ಕಟ್ಟಿ ಎಂದು, ಇಂಥವರ ಮನೆಯಲ್ಲಿ ಸಾವಾಗಿದೆ ಬನ್ನಿ ಎಂದು, ಲಸಿಕೆ ಹಾಕುವ ದೋಣಿ ಬಂದಿದೆ ಎಂದು ಹೇಳುವುದು ನನ್ನ ದನಿ. ಬೇರೆಯವರು ಹೇಳಿದರೆ ಮುದುಕರು ಹಾಸಿಗೆ ಬಿಟ್ಟು ಏಳುವುದಿಲ್ಲ. ಮುಖ್ಯಸ್ಥನಾಗಲು ಕುರ್ಚಿ ಬೇಕು, ಮುಖ್ಯಸ್ಥೆಯಾಗಲು ಗಂಟಲು ಬೇಕು. ಅದು ಹೋದರೆ ನಾನು ಯಾರು?

ಪಿಲ್ಡೊಕ್‌ಗೆ ಏನೂ ಆಗಿಲ್ಲ, ಐವರಿಗೂ ಏನೂ ಆಗಿಲ್ಲ. ನಿನಗೂ ಏನೂ ಆಗಿಲ್ಲ. ಆದ್ದರಿಂದ ನನಗೂ ಆಗುವುದಿಲ್ಲ ಎಂದುಕೊಳ್ಳುತ್ತೇನೆ. ನೀನು ಹೂಂ ಎಂದರೆ ಜನವರಿಗೆ ಹೋಗಿಬಿಡುತ್ತೇನೆ. ನಿನ್ನ ದನಿಗೆ ಏನೂ ಆಗಿಲ್ಲ ತಾನೇ?

ಅಕ್ಕ

*

ಲಾಸ್ ಪಾಲ್ಮಾಸ್
ಡಿಸೆಂಬರ್ 9, 2015

ಅಕ್ಕ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಒಂದು ಸಲ ಬರೆದು ನೋಡುತ್ತೇನೆ, ಅಷ್ಟೇ.

ಆಪರೇಷನ್ ಆದಾಗ ಕೂತುಹೋದ ನನ್ನ ದನಿ ವಾಪಸು ಬರಲಿಲ್ಲ, ಬಂತು ಎಂದು ನಿನಗೆ ಬರೆದದ್ದು ಸುಳ್ಳು. ಆರು ತಿಂಗಳು ಕಾಯಿರಿ ಎಂದರು, ಕಾದೆ. ವರ್ಷ ಎಂದರು, ಅದನ್ನೂ ಕಾದೆ. ಆಮೇಲೆ ನರ ಹೋಗಿದೆ ಎಂದರು. ಈಗ ನಾನು ಮಾತಾಡಿದರೆ ಗಾಳಿಯೇ ಹೆಚ್ಚು ಬರುತ್ತದೆ, ಉಳಿದದ್ದು ಒಡಕು ಬಕೆಟ್ಟಿನ ಸದ್ದು. ಮೀನಿನ ಮಾರುಕಟ್ಟೆಯಲ್ಲಿ ಕೂಗಿ ಕರೆಯಲಾರೆ, ಬೆರಳು ತೋರಿಸಿ ನಿಲ್ಲುತ್ತೇನೆ. ಕ್ಯಾಲ್ಸಿಯಂ ಮಾತ್ರೆ ಒಂದು ಹೊತ್ತು ತಪ್ಪಿದರೆ ಬೆರಳುಗಳು ಜುಮ್ಮೆಂದು ಸೆಟೆದುಕೊಳ್ಳುತ್ತವೆ. ಇಲ್ಲಿನವರು ನನ್ನನ್ನು ಮೊದಲಿಂದಲೂ ಹೀಗೇ ಕಂಡವರು, ಮೊದಲು ಹೇಗಿದ್ದೆ ಎಂದು ಯಾರೂ ಕೇಳುವುದಿಲ್ಲ. ಅದಕ್ಕೇ ಇಲ್ಲಿದ್ದೇನೆ. ಇವರ ಮೊದಲ ಕರಾರು ಮುಗಿದು ನಾಲ್ಕು ವರ್ಷದ ಹಿಂದೆಯೇ ಬೂಸಾನ್‌ಗೆ ಮರಳಬಹುದಿತ್ತು, ಬೇಡವೆಂದವಳು ನಾನು.

ನಿನಗೆ ಯಾಕೆ ಹೇಳಲಿಲ್ಲ? ನಾನು ಬೂಸಾನಿನ ಆಸ್ಪತ್ರೆಗೆ ಸೇರಿದಾಗ ಇವರು ಕಡಲಲ್ಲಿದ್ದರು, ನನ್ನ ಪರವಾಗಿ ಮನೆಯವರ ಸಹಿ ಹಾಕಲು ನೀನು ದ್ವೀಪದಿಂದ ಬಂದೆ. "ಅಕ್ಕ, ಸುಮ್ನೆ ಹಾಗೇ ಬಿಟ್ರೆ ಆಗಲ್ವಾ?" ಎಂದು ನಾನು ಕೇಳಿದ್ದೆ. "ಮಗು ಥರ ಆಡ್ಬೇಡ, ಕೈ ಹಿಡ್ಕೊಂಡು ನಾನಿದೀನಲ್ಲ" ಎಂದು ನೀನು ಸಹಿ ಹಾಕಿದೆ. ಆಮೇಲೆ ವಿಕಿರಣದ ಮದ್ದು ಕುಡಿಯುವ ಮುಂಚೆ ಅಯೋಡಿನ್ ಇರುವ ಕಡಲಸೊಪ್ಪು ಮುಟ್ಟಬಾರದೆಂದಾಗ, ನೀನೂ ನನ್ನ ಜೊತೆ ಅದನ್ನು ಬಿಟ್ಟು ಸಪ್ಪೆ ಗಂಜಿ ಕುಡಿದೆ. ಕಡಲಸೊಪ್ಪಿನ ಸಾರಿಲ್ಲದೆ ಒಂದು ದಿನವೂ ಉಣ್ಣದವಳು. ಅಂಥವಳಿಗೆ, ನೀನು ಸಹಿ ಹಾಕಿದ್ದರಿಂದ ಹೀಗಾಯಿತು ಎಂದು ಯಾವ ಬಾಯಿಂದ ಹೇಳಲಿ? ನೀನು ಅದನ್ನು ಸಾಯುವವರೆಗೆ ಹೊತ್ತುಕೊಂಡು ತಿರುಗುತ್ತೀಯ, ನಿನ್ನನ್ನು ಬಲ್ಲೆ.

ಈಗ ಹೇಳಿದರೆ ನೀನು ಆಪರೇಷನ್ ಬಿಡುತ್ತೀಯ. ಬಿಟ್ಟಮೇಲೆ ಅದು ಬೆಳೆದರೆ ನಾನೇ ನಿನ್ನನ್ನು ಕೊಂದ ಹಾಗೆ. ಹೇಳದಿದ್ದರೆ ನೀನು ನನ್ನನ್ನು ನೋಡಿ ಧೈರ್ಯ ತಂದುಕೊಂಡು ಹೋಗಿ ಮಲಗುತ್ತೀಯ, ನಿನ್ನ ಗಂಟಲಿಗೆ ಏನಾದರೂ ಆದರೆ ಅದೂ ನನ್ನದೇ. ಎತ್ತ ತಿರುಗಿದರೂ ಗೋಡೆ. ಈ ಮನೆಯಲ್ಲಿ ಒಬ್ಬಳೇ ಕೂತು ಗೋಡೆಗಳನ್ನು ಮುಟ್ಟುತ್ತಿದ್ದೇನೆ.

*

ಲಾಸ್ ಪಾಲ್ಮಾಸ್
ಡಿಸೆಂಬರ್ 9, 2015

ಅಕ್ಕ,

ನನಗೆ ಸ್ವಲ್ಪ ಶೀತವಾಗಿದೆ, ಹೆಚ್ಚು ಬರೆಯಲಾರೆ. ಗ್ವಾಂಗ್‌ಜುವಿನ ಆ ಹುಡುಗ ಡಾಕ್ಟರು ಹೇಳಿದ್ದು ಸರಿಯಾಗಿ ಕಾಣುತ್ತದೆ. ಇನ್ನೊಮ್ಮೆ ಹೋಗಿ ಅವರನ್ನು ಕೇಳು. ಬೇರೆಯವರನ್ನು ನೋಡಿ ತೀರ್ಮಾನ ಮಾಡಬೇಡ, ನನ್ನನ್ನು ನೋಡಿಯೂ ಬೇಡ.

ಯೊನ್ಸಿಲ್

*

ಸೊರಾಂಗ್ ದ್ವೀಪ
ಡಿಸೆಂಬರ್ 28, 2015

ಯೊನ್ಸಿಲ್,

ಒಂದು ಪ್ರಶ್ನೆ ಕೇಳಿದ್ದೆ, ಅದಕ್ಕೆ ಉತ್ತರವಿಲ್ಲ. ಶೀತವಂತೆ. ಹೋಗಲಿ, ಉತ್ತರಿಸಲು ಮರೆತಿದ್ದೀಯ ಎಂದರೆ ದನಿ ಚೆನ್ನಾಗಿಯೇ ಇರಬೇಕು.

ಜನವರಿ 19ಕ್ಕೆ ಆಪರೇಷನ್. ಪೂರ್ತಿ ತೆಗೆಯುತ್ತಾರಂತೆ, ಸಿಯೋಲ್‌ನ ಸರ್ಜನ್ನಿಗೆ ಅರ್ಧ ಕೆಲಸ ಇಷ್ಟವಿಲ್ಲ. ಹೂಂ ಅಂದೆ. ಅಂದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಬಲೆಯಲ್ಲಿ ಸಿಕ್ಕಿದ ಮೀನು ಒದ್ದಾಡಿ ಸುಸ್ತಾಗಿ ಸುಮ್ಮನಾಗುತ್ತದಲ್ಲ, ಹಾಗೆ ಸುಮ್ಮನಾಗಿದ್ದೇನೆ. ಮಗ ಸಂತೋಷವಾಗಿದ್ದಾನೆ. ದಿನಕ್ಕೆರಡು ಸಲ ಫೋನ್ ಮಾಡಿ ಏನು ಉಂಡೆ ಎಂದು ಕೇಳುತ್ತಾನೆ.

ಇನ್ನೊಂದು ಸುದ್ದಿ ಕೇಳು. ಮೊನ್ನೆ ಬುಧವಾರ ಊರ ಕಚೇರಿಯಲ್ಲಿ ಕೂತಿದ್ದಾಗ ಫೋನ್ ಬಂತು. ಎತ್ತಿದರೆ ಬರೀ ಉಸಿರು. ಆಮೇಲೆ ಗಂಟಲು ಕೆಟ್ಟ ಯಾವನೋ ಗಂಡಸು ಹೆಂಗಸಿನ ಹಾಗೆ, "ಅಕ್ಕ... ನಾನು... ಯೊನ್ಸಿಲ್" ಅನ್ನುತ್ತಾನೆ.

"ನನ್ನ ತಂಗಿ ದನಿ ನನಗೆ ಗೊತ್ತಿಲ್ವೇನೋ ಮುಟ್ಠಾಳ? ಅವಳು ಅಂಗಳದಲ್ಲಿ ನಿಂತು ಕೂಗಿದ್ರೆ ದೋಣಿಯವ್ರು ತಿರುಗಿ ನೋಡ್ತಿದ್ರು. ನಿನ್ನ ದನಿಗೆ ನಾಯಿನೂ ತಿರುಗಲ್ಲ" ಅಂದೆ.

"ಆಪರೇಷನ್... ನನಗೆ..." ಅಂದ. ನೋಡು, ಈ ಫೋನ್ ಕಳ್ಳರಿಗೆ ಆಸ್ಪತ್ರೆಯ ವಿಷಯವೆಲ್ಲ ಎಲ್ಲಿಂದಲೋ ಸಿಗುತ್ತದೆ. ಈಗ ನಿನಗೆ ಆಪರೇಷನ್ ಎಂದು ನನ್ನಿಂದ ಹಣ ಕೀಳುವ ಹಂಚಿಕೆ. ಚೆನ್ನಾಗಿ ಉಗಿದು ಫೋನ್ ಇಟ್ಟೆ. ಮತ್ತೆ ಮಾಡಿದ, ಮತ್ತೆ ಉಗಿದೆ. ಮೂರನೆಯ ಸಲ ಅವನು ಮಾತಾಡಲೇ ಇಲ್ಲ, ಅಳುವ ನಾಟಕ ಮಾಡಿದ.

ನಾನು ಬಿಡುತ್ತೇನೆಯೇ? ಮಾರನೆಯ ಬೆಳಿಗ್ಗೆ ಮೈಕಿನಲ್ಲಿ ಊರಿಗೆಲ್ಲ ಹೇಳಿದೆ: "ಊರಿನವರೇ, ಸ್ವಲ್ಪ ಕೇಳಿಸ್ಕೊಳಿ. ಗಂಟಲು ಒಡೆದ ಒಬ್ಬ ಮೋಸಗಾರ ನನ್ನ ತಂಗಿ ಹೆಸರು ಹೇಳ್ಕೊಂಡು ಫೋನ್ ಮಾಡ್ತಿದಾನೆ. ಪಾಪ ಅಂತ ಕಿವಿ ಕೊಡ್ಬೇಡಿ, ತಕ್ಷಣ ಇಟ್ಬಿಡಿ." ಎರಡು ಸಲ ಹೇಳಿದೆ. ಪೊಲೀಸ್ ಠಾಣೆಯವರು ಫೋನ್ ಮಾಡಿ ನನ್ನನ್ನು ಹೊಗಳಿದರು. ಗ್ವಾಂಗ್‌ಮೋ ಊರ ಕಚೇರಿಯ ಫೋನಿಗೂ ನನ್ನ ಮನೆಯ ಫೋನಿಗೂ ಪರದೇಶದ ಕರೆ ಬಾರದ ಹಾಗೆ ಮುಚ್ಚಿಸಿದ್ದಾನೆ.

ನಿನಗೆ ನಗು ಬರಲೆಂದು ಬರೆದೆ. 17ಕ್ಕೆ ಸಿಯೋಲ್‌ಗೆ ಹೊರಡುತ್ತೇನೆ.

ಅಕ್ಕ

*

ಜನವರಿ 11, 2016
ಇಮೇಲ್

ಗ್ವಾಂಗ್‌ಮೋ,

ನಾನು ಚಿಕ್ಕಮ್ಮ. ನಿಮ್ಮಮ್ಮನಿಗೆ ಈ ವಿಷಯ ಇವತ್ತೇ ಓದಿ ಹೇಳು. ಫೋನ್ ಮಾಡಿದ ಮೋಸಗಾರ ನಾನೇ. ಆಪರೇಷನ್ನಿನಲ್ಲಿ ನನ್ನ ದನಿ ಹೋಯಿತು, ಯಾರಿಗೂ ಹೇಳಿರಲಿಲ್ಲ. ಅವಳು ನನ್ನನ್ನು ನಂಬಿ ಹೂಂ ಅಂದಿದ್ದಾಳೆ. ತೆಗೆಸಬೇಡ ಎಂದು ನಾನು ಹೇಳುತ್ತಿಲ್ಲ. ತಿಳಿದುಕೊಂಡು ತೀರ್ಮಾನ ಮಾಡಲಿ. ಅವಳಿಗೆ ಫೋನ್ ಮಾಡುವ ದಾರಿಯನ್ನು ನೀನೇ ಮುಚ್ಚಿದ್ದೀಯ, ಪತ್ರ ಹತ್ತೊಂಬತ್ತರೊಳಗೆ ತಲುಪುವುದಿಲ್ಲ.

ಯೊನ್ಸಿಲ್

*

ಜನವರಿ 12, 2016
ಇಮೇಲ್

ಚಿಕ್ಕಮ್ಮನವರಿಗೆ,

ನಿಮಗೆ ಹೀಗಾಗಿದೆ ಎಂದು ತಿಳಿದು ತುಂಬ ಬೇಜಾರಾಯಿತು. ಆದರೆ ಈಗಿನ ತಂತ್ರಜ್ಞಾನ ಬೇರೆ, ಈ ಸರ್ಜನ್ ಸಾವಿರಾರು ಆಪರೇಷನ್ ಮಾಡಿದವರು. ಅಮ್ಮನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿದೆ. ಆಪರೇಷನ್ನಿಗೆ ವಾರ ಇರುವಾಗ ಇದನ್ನು ಓದಿ ಹೇಳಿದರೆ ಅಮ್ಮ ಹೆದರಿ ಹಿಂದೆ ಸರಿಯುತ್ತಾರೆ. ಮುಗಿದ ಮೇಲೆ ನಾನೇ ನಿಧಾನವಾಗಿ ತಿಳಿಸುತ್ತೇನೆ. ದಯವಿಟ್ಟು ಅರ್ಥ ಮಾಡಿಕೊಳ್ಳಿ. ಅಮ್ಮ ಇನ್ನೂ ಬಹಳ ಕಾಲ ಇರಬೇಕೆಂಬುದಷ್ಟೇ ನನ್ನ ಆಸೆ.

ಗ್ವಾಂಗ್‌ಮೋ

*

ಲಾಸ್ ಪಾಲ್ಮಾಸ್
ಜನವರಿ 16, 2016
ಸೊರಾಂಗ್ ದ್ವೀಪದ ಊರ ಕಚೇರಿಗೆ, ಫ್ಯಾಕ್ಸ್

ಮಾಲ್ಸಿಮ್ ಅಕ್ಕನಿಗೆ ಯಾರಾದರೂ ಇದನ್ನು ತಲುಪಿಸಿ.

ಅಕ್ಕ, ಆ ಕಳ್ಳ ನಾನೇ. ಫ್ಯಾಕ್ಸಿನ ಲೈನನ್ನಾದರೂ ಮುಚ್ಚಿಸಿರಲಾರರು ಎಂದು ಹಡಗಿನ ಏಜೆಂಟರ ಅಂಗಡಿಯಿಂದ ಇದನ್ನು ಕಳಿಸುತ್ತಿದ್ದೇನೆ. ಯಾರ ಕೈಗೆ ಸಿಗುತ್ತದೋ, ಯಾರು ಓದುತ್ತಾರೋ, ಓದಲಿ.

ಚೆನ್ನಾಗಿದ್ದೇನೆ, ಏನೂ ಆಗಿಲ್ಲ ಎಂದು ನಾನು ಏಳು ವರ್ಷ ಬರೆದದ್ದು ಸುಳ್ಳು. ಆಪರೇಷನ್ನಿನಲ್ಲಿ ನನ್ನ ದನಿಯ ನರಕ್ಕೆ ಪೆಟ್ಟಾಯಿತು. ಸಹಿ ಹಾಕಿದ ನಿನಗೆ ನೋವಾಗುತ್ತದೆ, ಅದನ್ನು ಹೊತ್ತುಕೊಂಡು ತಿರುಗುತ್ತೀಯ ಎಂದು ಹೆದರಿ ಹೇಳಲಿಲ್ಲ. ನೀನು ಫೋನಿನಲ್ಲಿ ಕೇಳಿದ್ದೇ ನನ್ನ ದನಿ. ನಾಯಿನೂ ತಿರುಗಲ್ಲ ಎಂದೆಯಲ್ಲ, ಅದೇ. ಮೂರನೆಯ ಸಲ ಅತ್ತದ್ದು ನಾಟಕವಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ, ಬಹಳ ಜನರಿಗೆ ಏನೂ ಆಗುವುದಿಲ್ಲ. ಮಾಡಿಸಬೇಡ ಎಂದೂ ಹೇಳಲಾರೆ, ಅದು ನಾಳೆ ಬೆಳೆದರೆ ನಿನ್ನ ಕತ್ತಿಗೆ ನಾನು ಜವಾಬ್ದಾರಿ ಆಗಲಾರೆ. ನನ್ನನ್ನು ನೋಡಿ ಧೈರ್ಯ ತಂದುಕೊಂಡಿದ್ದೀಯ, ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಈಗ ನಿನಗೆ ಏನು ಅನಿಸುತ್ತದೋ ಅದನ್ನು ಮಾಡು.

ನೀನು ಸಹಿ ಹಾಕಿದ್ದಕ್ಕೆ ನನಗೆ ಸಿಟ್ಟಿದೆಯಾ ಎಂದು ಕೇಳುತ್ತೀಯ. ಇತ್ತು. ಮೊದಲ ಎರಡು ವರ್ಷ ಬಹಳ ಇತ್ತು. ಅದನ್ನೂ ಹೇಳಿಬಿಡುತ್ತೇನೆ, ಇನ್ನು ಸುಳ್ಳು ಬೇಡ.

ಯೊನ್ಸಿಲ್

*

ಸೊರಾಂಗ್ ದ್ವೀಪ
ಫೆಬ್ರವರಿ 2, 2016

ಯೊನ್ಸಿಲ್,

ನಿನ್ನ ಫ್ಯಾಕ್ಸ್ ಶನಿವಾರ, ಭಾನುವಾರ ಮುಚ್ಚಿದ ಕಚೇರಿಯಲ್ಲಿ ಬಿದ್ದಿತ್ತು, ಸೋಮವಾರ ಬಾಗಿಲು ತೆಗೆಯುವಷ್ಟರಲ್ಲಿ ನಾನು ಸಿಯೋಲ್‌ನ ವಾರ್ಡಿನಲ್ಲಿದ್ದೆ. ಅದು ಪಿಲ್ಡೊಕ್ ಕೈಗೆ ಸಿಕ್ಕಿತು. ಅವಳು ಗುಟ್ಟು ಇಟ್ಟುಕೊಳ್ಳುವವಳಲ್ಲ, ಕಚೇರಿಯಲ್ಲಿ ಕೆಳಗಿಂದ ಕಾಯಿಸಿದ ಬಿಸಿ ನೆಲದ ಮೇಲೆ ಕೂತಿದ್ದ ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿದಳು. ಆಮೇಲೆ ನನಗೆ ಫೋನ್ ಮಾಡಿ ಮತ್ತೆ ಮೊದಲಿಂದ ಓದಿದಳು. ನಾನು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತು ಕೇಳಿದೆ.

ಓದಿ ಮುಗಿಸಿ ಅವಳು, "ಅಕ್ಕ, ನಾನೂ ಮಾತ್ರೆ ಮುಷ್ಟಿ ತುಂಬಾ ನುಂಗ್ತೀನಿ. ಮಧ್ಯಾಹ್ನ ಆದ್ರೆ ಗೋಣಿಚೀಲದ ಹಾಗೆ ಬಿದ್ಕೊಳ್ತೀನಿ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಅಂದಳು. "ಮತ್ತೆ ಹಲ್ಲು ಕೀಳಿಸಿದ ಹಾಗೆ ಅಂದ್ಯಲ್ಲೇ?" ಎಂದೆ. "ನನಗೂ ಹಾಗೇ ಹೇಳಿದ್ರು, ನಾನೂ ಹಾಗೇ ಹೇಳ್ದೆ" ಅಂದಳು. ಉಳಿದ ನಾಲ್ವರಲ್ಲಿ ಇಬ್ಬರು ನಿಜಕ್ಕೂ ಚೆನ್ನಾಗಿದ್ದಾರಂತೆ, ಅದನ್ನೂ ಹೇಳಬೇಕು. ಇನ್ನಿಬ್ಬರು ಸ್ಕಾರ್ಫು ಬಿಗಿದುಕೊಂಡು ಎದ್ದು ಮನೆಗೆ ಹೋದರಂತೆ.

ಸಂಜೆ ಒಬ್ಬ ಕಿರಿಯ ಡಾಕ್ಟರು ಒಪ್ಪಿಗೆ ಪತ್ರ ತಂದರು. ಗ್ವಾಂಗ್‌ಮೋ ಮನೆಯವರ ಜಾಗದಲ್ಲಿ ಸಹಿ ಹಾಕಿ ನನ್ನ ಮುಂದಿಟ್ಟ. "ದನಿ ಹೋಗುತ್ತಾ?" ಎಂದು ಕೇಳಿದೆ. "ಶಾಶ್ವತವಾಗಿ ಅಂದ್ರೆ ನೂರಕ್ಕೆ ಒಬ್ಬರು, ಇಬ್ಬರು" ಎಂದರು. "ಆ ಒಬ್ಬಳು ನಮ್ಮನೆಯವಳು" ಎಂದೆ. ಗ್ವಾಂಗ್‌ಮೋ ತಲೆ ತಗ್ಗಿಸಿದ. ಅವನ ಮುಖ ನೋಡಿದ ಕೂಡಲೇ ಇವನಿಗೆ ಮೊದಲೇ ಗೊತ್ತಿತ್ತೆಂದು ತಿಳಿಯಿತು. ಸಿಟ್ಟು ನೆತ್ತಿಗೇರಿತು. ಆದರೆ ಹಾಗೆ ತಲೆ ತಗ್ಗಿಸಿ ನಿಂತವನಿಗೆ ಏನು ಹೇಳಲಿ? ನಾನೂ ಬೂಸಾನಿನಲ್ಲಿ ಅದೇ ಜಾಗದಲ್ಲಿ ನಿಂತಿದ್ದೆ. ಪ್ರೀತಿಯಿಂದಲೇ ನಿಂತಿದ್ದೆ, ನಿನ್ನ ಮಾತು ಕಿವಿಗೆ ಹಾಕಿಕೊಳ್ಳದೆ ನಿಂತಿದ್ದೆ.

ನಾನು ಸಹಿ ಹಾಕಲಿಲ್ಲ. ಧೈರ್ಯದಿಂದಲ್ಲ, ಕೈ ಏಳಲಿಲ್ಲ. ಮಗ ನನ್ನನ್ನು ಬಂದರಿನವರೆಗೆ ಕಾರಿನಲ್ಲಿ ತಂದು ಬಿಟ್ಟ, ಐದು ಗಂಟೆಯ ದಾರಿ, ಚೀಲ ಕೆಳಗಿಟ್ಟು ಹಿಂತಿರುಗಿ ನೋಡದೆ ಹೊರಟ. ಮುಂದಿನ ವಾರದ ಚಾಂದ್ರಮಾನ ಹೊಸ ವರ್ಷದ ಹಬ್ಬಕ್ಕೂ ಬರುವುದು ಅನುಮಾನ ಎಂದು ಸೊಸೆ ಹೇಳಿದಳು. ಜುಲೈಗೆ ಗ್ವಾಂಗ್‌ಜುವಿನ ಹುಡುಗನ ಬಳಿ ಸ್ಕ್ಯಾನು. ಬೆಳೆದಿದ್ದರೆ ತೆಗೆಸುತ್ತೇನೆ, ಹಠವಿಲ್ಲ. ತಪ್ಪಿಸಿಕೊಂಡು ಬಂದೆ ಎಂದು ನೀನು ತಿಳಿಯಬೇಡ. ಅದು ನನ್ನ ಕತ್ತಿನಲ್ಲೇ ಇದೆ, ನನ್ನ ಜೊತೆಯೇ ಏಳುತ್ತದೆ, ನನ್ನ ಜೊತೆಯೇ ಮಲಗುತ್ತದೆ. ಜುಲೈವರೆಗಿನ ದಿನಗಳನ್ನು ಹೇಗೆ ಕಳೆಯಬೇಕೋ ನನಗೆ ಗೊತ್ತಿಲ್ಲ.

ಈಗ ನಿನ್ನ ವಿಷಯ. ನನಗೆ ನೋವಾಗಬಾರದೆಂದು ಹೇಳಲಿಲ್ಲವಂತೆ. ನನಗೆ ನೋವಾಗಬಾರದೆಂದು ಏಳು ವರ್ಷ ನನ್ನ ತಂಗಿಯನ್ನೇ ನನ್ನಿಂದ ಕಿತ್ತುಕೊಂಡೆ. ನಾನೇನು ಬೆಣ್ಣೆಯಲ್ಲಿ ಮಾಡಿದವಳೇ? ಹೊತ್ತುಕೊಂಡು ತಿರುಗುತ್ತೇನೆ ಎಂದು ಹೆದರಿದೆಯಾ? ಹೊತ್ತುಕೊಳ್ಳುತ್ತೇನೆ, ಅದು ನನ್ನ ಪಾಲಿನದು, ನಿನಗೇನು? ನಾನು ನಿನ್ನನ್ನು ಮುಟ್ಠಾಳ ಎಂದೆ. ಊರಿಗೆಲ್ಲ ಮೈಕಿನಲ್ಲಿ ಹೇಳಿದೆ. ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ, ಇದು ಗಂಟಲಿನ ಗಂಟಿನಿಂದಲ್ಲ.

ನಿನಗೆ ಸಿಟ್ಟು ಇತ್ತು ಎಂದು ಬರೆದೆಯಲ್ಲ, ಆ ಸಾಲನ್ನು ಪಿಲ್ಡೊಕ್ ಓದದೆ ಬಿಟ್ಟಿದ್ದಳು. ಊರಿಗೆ ಬಂದ ಮೇಲೆ ನಾನೇ ಓದಿಕೊಂಡೆ. ಅದನ್ನು ಬರೆದದ್ದು ಒಳ್ಳೆಯದಾಯಿತು.

ಪರದೇಶದ ಕರೆಗಳನ್ನು ತೆರೆಸಿದ್ದೇನೆ. ಮಾಡು.

ಅಕ್ಕ

*

ಸೊರಾಂಗ್ ದ್ವೀಪ
ಮಾರ್ಚ್ 14, 2016

ಯೊನ್ಸಿಲ್,

ನಿನ್ನೆ ನೀನು ಮಾತಾಡಿದೆ. ನಾನು ಬರೀ ಹೂಂ, ಹೂಂ ಅಂದೆ. ನನ್ನ ಬಾಯಿ ಮುಚ್ಚಿದ್ದು ಕಂಡು ನಿನಗೆ ಆಶ್ಚರ್ಯವಾಗಿರಬೇಕು, ಇನ್ನೂ ಸಿಟ್ಟಿದೆ ಎಂದುಕೊಂಡೆಯೋ ಏನೋ. ಸಿಟ್ಟಲ್ಲ. ಏನಾಗಿತ್ತೆಂದು ಹೇಳುತ್ತೇನೆ.

ಇವಳೇ ನನ್ನ ತಂಗಿ ಎಂದು ಗೊತ್ತಿದ್ದರೂ ಆ ದನಿಯೊಳಗೆ ನಿನ್ನನ್ನು ಹುಡುಕುತ್ತಿದ್ದೆ. ನಮ್ಮ ಅಂಗಳದಿಂದ ಕೂಗುತ್ತಿದ್ದವಳು ಎಲ್ಲಾದರೂ ಒಂದು ಚೂರು ಸಿಗುತ್ತಾಳೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ನೀನು ಹಡಗಿನ ವಿಷಯ ಹೇಳಿದೆ, ಗಂಡ ಬಂದ ವಿಷಯ ಹೇಳಿದೆ, ಒಂದು ಸಲ ನಕ್ಕೆ ಕೂಡ. ಸಿಗಲಿಲ್ಲ, ಯೊನ್ಸಿಲ್. ಎಲ್ಲೂ ಸಿಗಲಿಲ್ಲ. ಇನ್ನು ಸುಳ್ಳು ಬೇಡ ಎಂದು ನೀನೇ ಬರೆದೆಯಲ್ಲ, ಅದಕ್ಕೆ ಇದನ್ನು ಹೇಳುತ್ತಿದ್ದೇನೆ.

ಭಾನುವಾರ ಮತ್ತೆ ಮಾಡು. ಅದರ ಮುಂದಿನ ಭಾನುವಾರವೂ ಮಾಡು. ಈ ಹೊಸ ದನಿ ನನ್ನ ಕಿವಿಗೆ ಕೂರಬೇಕು, ನೀನು ಯಾವ ಫೋನಿನಿಂದ ಅಕ್ಕ ಎಂದರೂ ನಾನು ಯಾರು ಎಂದು ಕೇಳಬಾರದು. ನನಗೆ ವಯಸ್ಸಾಗಿದೆ, ಕಲಿಯುವುದು ತಡವಾಗುತ್ತದೆ. ನೀನು ಬೇಜಾರು ಮಾಡಿಕೊಳ್ಳದೆ ಮಾತಾಡುತ್ತಿರು.

ಅಕ್ಕ